ಬಿಸಿಕೋಣೆಗೆ ಬದಲಿ ಕೂತವರು

“ನನ್ನ ಬದಲಿ ಯಾರನ್ನಾದ್ರೂ ಕೂಡಿಸ್ರಿ, ಹುಲಿಗೆಮ್ಮ. ಒಂದು ತಾಸಿನ ಕೆಲಸಕ್ಕ ನಾನೇ ಬರಬೇಕೇನು? ವರ್ಷಾ ಹಂಗೇ ನಡದೈತಲ್ಲ.”

ಹೀಗೆಂದ ನಾಡಗೌಡ ಸಾಹೇಬರು ಸ್ಟೋರಿನ ಹೊಸ್ತಿಲ ಆಚೆಗೇ ನಿಂತಿದ್ದರು. ಈಚೆ ಬಂದರೆ ತಗಡಿನ ಮಾಡಿನ ಸೆಕೆ, ಅದು ಅವರಿಗೆ ಆಗದು. ಹುಲಿಗೆಮ್ಮ ಒಳಗೆ ನೆಲದ ಮೇಲೆ ಕಾಲು ಚಾಚಿ ಕೂತು, ಡೇರೆಯ ಗೂಟಗಳನ್ನು ಹತ್ತು ಹತ್ತರಂತೆ ಸುತಳಿಯಿಂದ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾರನ್ನ ಕೂಡಸ್ಲಿ ಸರ್?”

“ಯಾರಾದ್ರೂ ಆಗ್ಲಿ. ಗಟ್ಟಿ ಆಳು ಇದ್ರ ಸಾಕು. ಯಮನೂರಪ್ಪ ಇದ್ದಾಗ ನನಗ ಈ ಚಿಂತಿನೇ ಇರಲಿಲ್ಲ ನೋಡ್ರಿ.”

ಸತ್ತವನ ಹೆಸರನ್ನು ಅವನ ಹೆಂಡತಿಯ ಮುಂದೆ, ಕಳೆದುಹೋದ ಕೊಡೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿ, ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಹೋಗುವಾಗ ಒಂದು ಮಾತು ಸೇರಿಸಿದರು. “ಈ ಸಲ ಹೊಲಿಗಿ ಕಡೆ ಸ್ವಲ್ಪ ಲಕ್ಷ್ಯ ಇರಲಿ, ಆಂ? ನಿಮ್ಮನ್ನ ಉಳಿಸಿಕೊಳ್ಳಾಕ ನಾ ಎಷ್ಟು ಹೇಳೀನಿ ಮೇಲಿನವರಿಗೆ, ನಿಮಗೂ ಗೊತ್ತೈತಿ.”

“ಗೊತ್ತೈತ್ರಿ ಸರ್,” ಎಂದಳು ಹುಲಿಗೆಮ್ಮ. ಅವಳ ಕೈಯಲ್ಲಿದ್ದ ಸುತಳಿ ಪಟ್ಟನೆ ಹರಿಯಿತು.

ಕಲ್ಗೋನಾಳ ಠಾಣೆಯ ಕೆಲಸ ಏನೆಂದರೆ, ನೆಲಕ್ಕೆ ಕಿವಿ ಕೊಡುವುದು. ಬಂಡೆಯ ಬಿರುಕುಗಳಲ್ಲಿ ಆರೇಳು ನೂರು ಅಡಿ ಕೆಳಗೆ ಎಲ್ಲೋ ನೀರು ಜಿನುಗುತ್ತಿರುತ್ತದಲ್ಲ, ಅದರ ಸದ್ದನ್ನು ಕಿವಿಗೋಲು ಎಂಬ ಉದ್ದನೆಯ ಸರಳುಗಳನ್ನು ನೆಟ್ಟು ಹಿಡಿಯುತ್ತಾರೆ. ಮೇಲಿನ ಮಣ್ಣಿನಲ್ಲಿ ತುಸು ಪಸೆ ಇದ್ದರೂ ಆ ಸದ್ದು ಕಲಸಿಹೋಗುತ್ತದೆ. ಹಾಗಾಗಿ ಮಳೆಗಾಲ ಚಳಿಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ನೆಲ ಹಂಚಿನಂತೆ ಕಾದು ಒಣಗಿದ ಮೇಲೆ, ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ, ತಂಡಗಳು ಬಯಲಿಗೆ ಇಳಿಯಬೇಕು. ಆ ಹೊತ್ತಿಗೆ ಬಯಲಲ್ಲಿ ಐವತ್ತು ಡಿಗ್ರಿ. ಬರೀ ಮೈಯಲ್ಲಿ ನಿಂತ ಮನುಷ್ಯ ಎರಡು ತಾಸಿಗೆ ಬೀಳುತ್ತಾನೆ.

ಬೀಳದಂತೆ ಕಾಯುವುದು ತಂಪಂಗಿ. ನೋಡಲು ತೋಳಿಲ್ಲದ ದಪ್ಪ ಬನಿಯನ್. ಅದರ ಪದರಗಳ ನಡುವೆ ಶ್ಯಾವಿಗೆಯಷ್ಟು ಸಪೂರ ನಳಿಗೆಗಳು, ನಳಿಗೆಗಳಲ್ಲಿ ಮೈಯ ಬಿಸಿಯನ್ನು ಹೀರುವ ತಂಪುನೀರು. ಆದರೆ ಒಮ್ಮೆ ತುಂಬಿದ ತಂಪುನೀರು ಓಡುವುದು ನಾಲ್ಕೇ ತಾಸು. ಬಯಲಲ್ಲಿ ಇರಬೇಕಾದದ್ದು ಒಂಬತ್ತು ತಾಸು. ಯಾವಾಗ ಓಡಿಸಬೇಕು, ಯಾವಾಗ ತಡೆಹಿಡಿಯಬೇಕು ಎಂದು ತೀರ್ಮಾನಿಸುವುದು ಕುತ್ತಿಗೆಯ ಹಿಂದೆ ಕೂರಿಸಿದ, ಹುಣಸೆಬೀಜದಷ್ಟು ದೊಡ್ಡ ಕಲಿಮಣಿ. ಒಬ್ಬನಿಗೆ ಹತ್ತು ನಿಮಿಷಕ್ಕೆ ಬೆವರು, ಇನ್ನೊಬ್ಬನಿಗೆ ಅರ್ಧ ತಾಸಿಗೆ. ಒಬ್ಬನ ಎದೆ ಏರು ಹತ್ತಿದರೆ ಬಡಿದುಕೊಳ್ಳುತ್ತದೆ, ಇನ್ನೊಬ್ಬನದು ಓಡಿದರೂ ಸುಮ್ಮನಿರುತ್ತದೆ. ಇದನ್ನೆಲ್ಲ ಮಣಿ ಕಲಿಯಬೇಕು. ಅದಕ್ಕೇ ಬಿಸಿಕೋಣೆ. ಋತು ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅಂಗಿ ತೊಟ್ಟು, ನಲವತ್ತಾರು ಡಿಗ್ರಿಯಲ್ಲಿ ಒಂದು ತಾಸು ಕೂರುವುದು. ಆಗ ನೀರು ಓಡುವುದಿಲ್ಲ, ಮಣಿ ಬರೀ ಕಲಿಯುತ್ತದೆ. ಮೈ ಮಿತಿ ಮೀರಿ ಕಾದರೆ ಕೆಂಪಗೆ ಉರಿದು ಸಾಕು ಎನ್ನುತ್ತದೆ. ನಲವತ್ತು ನಿಮಿಷದೊಳಗೆ ಯಾರ ಮಣಿ ಕೆಂಪಾಯಿತೋ ಅವರು ಆ ವರ್ಷ ಬಯಲಿಗೆ ಹೋಗುವಂತಿಲ್ಲ. ನಿಯಮ ಇಷ್ಟೇ.

ನಾಡಗೌಡ ಸಾಹೇಬರು ಏಳು ವರ್ಷದಿಂದ ತಂಡದ ಮುಖ್ಯಸ್ಥರು. ಏಳು ವರ್ಷದಲ್ಲಿ ಒಂದು ದಿನವೂ ಅವರು ಬಿಸಿಕೋಣೆಯಲ್ಲಿ ಕೂತದ್ದನ್ನು ಹುಲಿಗೆಮ್ಮ ನೋಡಿಲ್ಲ. ಅವರ ಅಂಗಿ ತೊಟ್ಟು ಕೂರುತ್ತಿದ್ದವನು ಅವಳ ಗಂಡ. ಕೂತು, ಒಳಗಿನಿಂದ ಗಾಜಿನ ಮೇಲೆ ಬೆರಳಿಂದ ಅವಳಿಗೆ ಮೀಸೆ ಬರೆದು ತೋರಿಸಿ ನಗಿಸುತ್ತಿದ್ದವನು. “ದೊಡ್ಡವರಿಗೆ ಟೈಮ್ ಇರಾಂಗಿಲ್ಲ ಬಿಡ, ನನಗೇನು, ಕುಂತು ನಿದ್ದಿ ಮಾಡತೀನಿ,” ಎನ್ನುತ್ತಿದ್ದ. ಹಾಗೆ ಯಮನೂರಪ್ಪನ ಮೈಯನ್ನು ಕಲಿತ ಮಣಿ ಸಾಹೇಬರ ಬೆನ್ನೇರಿ ಬಯಲಿಗೆ ಹೋಗುತ್ತಿತ್ತು.

ಹೋದ ಏಪ್ರಿಲ್‌ನಲ್ಲಿ ಯಮನೂರಪ್ಪ ಹೆಣವಾಗಿ ಬಂದ. ಅವನ ಅಂಗಿಯ ಹೊಲಿಗೆ ಸೋರಿ, ತಂಪುನೀರೆಲ್ಲ ದಾರಿಯಲ್ಲೇ ಹರಿದುಹೋಗಿತ್ತೆಂದೂ, ತಾವು ಸಹಾಯ ತರಲು ಗಾಡಿ ತೆಗೆದುಕೊಂಡು ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದೂ ಸಾಹೇಬರು ವರದಿ ಬರೆದರು. ಹೊಲಿಗೆ ಹಾಕುವವಳು ಹುಲಿಗೆಮ್ಮ. ಅಂದರೆ ಏನಾಯಿತು? ಗಂಡನನ್ನು ಕೊಂದದ್ದು ಹೆಂಡತಿಯ ಸೂಜಿ.

ಅದು ಸುಳ್ಳೆಂದು ಅವಳಿಗೆ ಗೊತ್ತಿದ್ದದ್ದು ಬಣ್ಣದಿಂದ. ಯಾರ ಅಂಗಿ ಸೋರಿತು ಎಂದು ಸುಲಭವಾಗಿ ತಿಳಿಯಲಿ ಎಂದು, ಒಬ್ಬೊಬ್ಬರ ತಂಪುನೀರಿಗೆ ಒಂದೊಂದು ಬಣ್ಣದ ಎರಡು ಹನಿ ಹಾಕುವುದು ಅವಳೇ ಮಾಡಿಕೊಂಡ ಪದ್ಧತಿ. ಗಂಡನದು ನೇರಳೆ, ಸಾಹೇಬರದು ಹಳದಿ. ಅಂದು ಸಂಜೆ ಬಂದ ಗಂಡನ ಅಂಗಿ ಸೌದೆಯಂತೆ ಒಣಗಿತ್ತು. ಸಾಹೇಬರ ಅಂಗಿಯಿಂದ ಕೆಸರುಗಂದು ನೀರು ಸುರಿಯಿತು, ಒಂದಲ್ಲ, ಒಂದೂವರೆ ಅಂಗಿಯಷ್ಟು. ಹಳದಿಗೆ ನೇರಳೆ ಬೆರೆತರೆ ಬರುವ ಬಣ್ಣ. ಬಿದ್ದವರು ಸಾಹೇಬರು; ಗಟ್ಟಿ ಆಳಿನ ಮೈ ಕಲಿತ ಮಣಿ ಅವರಿಗೆ ಹೊತ್ತಿಗೆ ನೀರು ಬಿಟ್ಟಿರಲಿಲ್ಲ. ತನ್ನ ಅಂಗಿ ಕಳಚಿ ನಳಿಗೆ ಕೂಡಿಸಿ ನೀರು ಕೊಟ್ಟವನು ಯಮನೂರಪ್ಪ. ಕುಡಿದ ಅಂಗಿ ಎದ್ದು ಗಾಡಿ ಹತ್ತಿತು, ಕೊಟ್ಟ ಅಂಗಿ ಬಂಡೆಯ ಮೇಲೆ ಉಳಿಯಿತು.

ಆದರೆ ಇದೆಲ್ಲ ಅವಳಿಗೆ ಹೊಳೆದದ್ದು ಮೂರು ದಿನ ತಡವಾಗಿ. ಬಯಲಿಂದ ಬಂದ ಅಂಗಿಯನ್ನು ಅಂದೇ ತೊಳೆಯದಿದ್ದರೆ ಬೆವರಿನ ಉಪ್ಪು ಕೂತು ನಳಿಗೆಗಳು ಸಾಯುತ್ತವೆ. ಹನ್ನೊಂದು ವರ್ಷದ ರೂಢಿ. ಗಂಡನ ಹೆಣ ಅಂಗಳದಲ್ಲಿ, ಊರ ಹೆಂಗಸರು ಬೋರಾಡಿ ಅಳುತ್ತಿದ್ದಾರೆ, ಇವಳು ಬುದ್ಧಿ ಎಲ್ಲೋ ಇಟ್ಟುಕೊಂಡು ಹಿತ್ತಲ ನಳದ ಕೆಳಗೆ ಎರಡೂ ಅಂಗಿ ಹಿಂಡಿ, ಹೊಲಿಗೆಗಳಿಗೆ ಹೊಸ ಅಂಟು ಬಳಿದು ಹಗ್ಗಕ್ಕೆ ಹಾಕಿದ್ದಳು. ಸಾಕ್ಷಿ ಅವಳ ಕಣ್ಣೆದುರೇ ಬಚ್ಚಲಿಗೆ ಹರಿದಿತ್ತು. ವಿಚಾರಣೆಯಲ್ಲಿ ಹೇಳಿದಾಗ ಅಧಿಕಾರಿಗಳು, “ತೊಳೆದ ಅಂಗಿ ನೋಡಿ ಏನು ತಿಳಿಯುತ್ತದಮ್ಮ?” ಎಂದು ಕೇಳಿದರು. ಅದೂ ಸರಿಯೇ.

ಮನೆಯಲ್ಲಿ ಅತ್ತೆ ಬಾಳವ್ವ ಇದ್ದಳು. ಬಾಯಿ ಜೋರಿನ ಮುದುಕಿ, ಮೊದಲೆಲ್ಲ ಸೊಸೆಯೊಂದಿಗೆ ಕೂತು ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದವಳು. ಈಗ ಒಲೆ ಬೇರೆ, ಕೊಡ ಬೇರೆ. ಅಂದು ಹುಲಿಗೆಮ್ಮ ಮನೆಗೆ ಬಂದಾಗ ಬಾಳವ್ವ ಕಟ್ಟೆಯ ಮೇಲೆ ಕೂತು ಅಲಸಂದಿ ಹಸನು ಮಾಡುತ್ತಿದ್ದಳು.

“ಬಂದ್ಯಾ? ಎಷ್ಟು ಅಂಗಿ ಹೊಲದಿ ಇವತ್ತು?”

“ಎಂಟು, ಅತ್ತಿ.”

“ಎಂಟು ಮನಿ ಹೆಣಮಕ್ಕಳು ನೆಟ್ಟಗ ನಿದ್ದಿ ಮಾಡವಲ್ರು ಅಂತ ತಿಳಕೊ.”

“ಅತ್ತಿ, ನನ್ನ ಹೊಲಿಗಿ ಸೋರಿರಲಿಲ್ಲ. ಎಷ್ಟು ಸಲ ಹೇಳಬೇಕು?”

“ಕಲತ ಸಾಹೇಬ ಕಾಗದದಾಗ ಬರದಾನ. ನೀ ಬಾಯಿಲೆ ಹೇಳತಿ. ನನ್ನ ಮಗಾ ಬಂದು ಹೇಳಿದ್ರ ನಂಬತೀನಿ, ಹೋಗು.”

ಹುಲಿಗೆಮ್ಮ ಕೈಕಾಲು ತೊಳೆದು ಒಳಗೆ ಹೋಗಿ, ಗೋಡೆಗೆ ತಲೆ ಆನಿಸಿ ಕೂತಳು. ವರ್ಷವಿಡೀ ಅವಳು ಸಾಹೇಬರನ್ನು ಏನು ಮಾಡಬೇಕೆಂದು ಯೋಚಿಸಿದ್ದಳು. ಅವರ ಡೇರೆಯ ಹಗ್ಗ ಅರ್ಧ ಕೊಯ್ಯುವುದು, ಔಷಧಿ ಪೆಟ್ಟಿಗೆಯಲ್ಲಿ ಉಪ್ಪಿನ ಬದಲು ಸೋಡ ಕಟ್ಟುವುದು, ಹೀಗೆ ಏನೇನೋ ಸಣ್ಣಪುಟ್ಟ ಹುಚ್ಚು ಆಲೋಚನೆ. ಅವೆಲ್ಲ ಈಗ ಮಕ್ಕಳಾಟದಂತೆ ಕಂಡವು. ದಾರಿಯನ್ನು ಸಾಹೇಬರೇ ಹೊಸ್ತಿಲಲ್ಲಿ ನಿಂತು ತೋರಿಸಿ ಹೋಗಿದ್ದರು. ಯಾರನ್ನಾದರೂ ಕೂಡಿಸ್ರಿ. ಗಟ್ಟಿ ಆಳು ಇದ್ದರೆ ಸಾಕು.

ಮಾರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಅವಳು ಸಾಹೇಬರ ಅಂಗಿಯನ್ನು ತಾನೇ ತೊಟ್ಟಳು. ಪಕ್ಕದ ಹತೋಟಿ ಕೋಣೆಯಲ್ಲಿ ತಿರುಗುಗುಂಡಿಯನ್ನು ನಲವತ್ತಾರಕ್ಕೆ ಇಟ್ಟು, ಬಿಸಿಕೋಣೆಯ ಬಾಗಿಲು ಎಳೆದುಕೊಂಡು ಹಲಗೆಯ ಮೇಲೆ ಕೂತಳು. ತಗಡಿನ ಮಾಡಿನ ಕೆಳಗೆ ಹನ್ನೊಂದು ಬೇಸಿಗೆ ಕಳೆದವಳಿಗೆ ಈ ಸೆಕೆ ಹೊಸದಲ್ಲ. ಮೈ ಅದರಷ್ಟಕ್ಕೆ ಅದು ಬೆವರಿತು. ಮನಸ್ಸನ್ನು ಮಾತ್ರ ಅವಳು ಬೇಕೆಂದೇ ಬಿಟ್ಟಳು.

ಗಂಡ ಬಂಡೆಯ ಮೇಲೆ ಕೂತಿರುವುದನ್ನು ನೆನೆದಳು. ಗಾಡಿಯ ಧೂಳು ಸಣ್ಣದಾಗುತ್ತ ಹೋಗುವುದನ್ನು ಅವನು ನೋಡುತ್ತಿದ್ದಾನೆ. ಬರತಾರ, ಬರತಾರ ಎಂದು ಅಂದುಕೊಳ್ಳುತ್ತಿದ್ದಾನೆ, ಅವನ ಸ್ವಭಾವವೇ ಅಂಥದ್ದು. ಎದೆ ಡಬಡಬ ಬಡಿದುಕೊಂಡಿತು. ‘ನಿಮ್ಮನ್ನ ಉಳಿಸಿಕೊಳ್ಳಾಕ ನಾ ಎಷ್ಟು ಹೇಳೀನಿ’ ಎಂಬ ಮಾತು ನೆನೆದಳು. ಇನ್ನೂ ಜೋರಾಯಿತು. ಹೊಡಕೊ, ಹೊಡಕೊ ಎಂದು ತನ್ನ ಎದೆಗೆ ತಾನೇ ಹೇಳಿದಳು. ಕುತ್ತಿಗೆಯ ಹಿಂದೆ ಮಣಿ ಒಂದೊಂದು ಬಡಿತವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿತ್ತು. ಈ ಅಂಗಿಯ ಒಡೆಯನಿಗೆ ಎದೆ ಇಷ್ಟು ಬಡಿಯುವುದು ಮಾಮೂಲು, ಮೈ ಇಷ್ಟು ಕಾಯುವುದು ಮಾಮೂಲು, ಇದಕ್ಕೆಲ್ಲ ನೀರು ಬಿಡಬೇಕಾಗಿಲ್ಲ ಎಂದು ಅದು ಕಲಿಯುತ್ತಿತ್ತು. ನಾಳೆ ಬಯಲಲ್ಲಿ ಸಾಹೇಬರ ನಾಲಿಗೆ ಒಣಗಿ ಕಣ್ಣು ಕಪ್ಪಿಟ್ಟಾಗಲೂ ಮಣಿ ಹಸಿರಾಗಿಯೇ ಉರಿಯುತ್ತದೆ. ಯಾರೂ ಏನೂ ಮಾಡಿರುವುದಿಲ್ಲ. ಅವರು ಹೇಳಿದಂತೆಯೇ ಆಗಿರುತ್ತದೆ.

ಒಂದು ತಾಸು ಮುಗಿದು ಗಂಟೆ ಬಾರಿಸಿದಾಗಲೂ ಮಣಿ ಕೆಂಪಾಗಿರಲಿಲ್ಲ. ಹೊರಗಿನ ಫಲಕದಲ್ಲಿ ‘ಅತ್ಯುತ್ತಮ’ ಎಂದು ಬಂತು. ಹುಲಿಗೆಮ್ಮ ಅದನ್ನು ಓದಿ, ವರ್ಷದ ಮೇಲೆ ಮೊದಲ ಸಲ ನಕ್ಕಳು.

ಅಲ್ಲಿಂದ ನಾಲ್ಕು ದಿನ ಅವಳ ಕೈ ಓಡಿದ ಪರಿ ನೋಡಬೇಕಿತ್ತು. ಕಿವಿಗೋಲುಗಳಿಗೆ ಎಣ್ಣೆ ಸವರಿ ಗೋಣಿ ಸುತ್ತಿದಳು. ಡೇರೆಗಳನ್ನು ಬಿಡಿಸಿ, ಇಲಿ ಕಡಿದಲ್ಲಿ ತೇಪೆ ಹಾಕಿ, ಮತ್ತೆ ಸುತ್ತಿದಳು. ಲಾಟೀನು, ಜೆರಿಕ್ಯಾನು, ಹಾವಿನ ಕೋಲು, ಚಹಾಪುಡಿ, ಉಪ್ಪುಸಕ್ಕರೆಯ ಪೊಟ್ಟಣ, ಎಲ್ಲ ಅವುಗಳ ಪೆಟ್ಟಿಗೆಗೆ. ಬಾಯಲ್ಲಿ ಹಾಡು ಬೇರೆ. “ಏನಾತ್ರಿ ಅಕ್ಕಾರಿಗೆ?” ಎಂದು ಡ್ರೈವರುಗಳು ಮುಖ ಮುಖ ನೋಡಿಕೊಂಡರು.

ಹೊರಡುವುದಕ್ಕೆ ಎರಡು ದಿನ ಮುಂಚೆ ಮೌನೇಶ ಬಂದ. ಮೂವತ್ತೈದರ ಆಳು, ಇಷ್ಟು ವರ್ಷ ಬೇರೆ ತಂಡದಲ್ಲಿದ್ದವನು, ಈ ಸಲ ಯಮನೂರಪ್ಪನ ಜಾಗಕ್ಕೆ ಸಾಹೇಬರ ಜೊತೆ ಹೋಗುವವನು. ಹಿಂದೆಯೇ ಅವನ ಹೆಂಡತಿ ಸೋಮವ್ವ, ಕಂಕುಳಲ್ಲಿ ಬುತ್ತಿಯ ಗಂಟು.

“ಅಕ್ಕಾರ, ಇದನ್ನ ಪೆಟಗ್ಯಾಗ ಎಲ್ಲೆರ ಮೂಲ್ಯಾಗ ತುರುಕ್ರಿ,” ಎಂದಳು ಸೋಮವ್ವ. “ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಮ್ಯಾಲೆ ಇಟ್ರ ಇಂವ ದಾರ್ಯಾಗ ಎಲ್ಲಾರಿಗೂ ಹಂಚಿಬಿಡತಾನ. ಹೋದ ವರ್ಷ ಇಪ್ಪತ್ತು ದಿನದ ಚಟ್ನಿ ಒಂದ ದಿನಕ್ಕ ಖಾಲಿ!”

“ಕೇಳಿದ್ರ ಕೊಡಬಾರದೇನ?” ಎಂದ ಮೌನೇಶ.

“ಕೊಡಪಾ, ಕೊಡು. ನಾಳೆ ಅಂಗಿ ಕೇಳಿದ್ರೂ ಬಿಚ್ಚಿ ಕೊಡು!”

ಮೌನೇಶ ನಕ್ಕು, ತನ್ನ ತಂಪಂಗಿಯನ್ನು ಹುಲಿಗೆಮ್ಮನ ಮುಂದೆ ಹರವಿದ. “ಅದಽ ಕೇಳಾಕ ಬಂದೆ ಅಕ್ಕಾರ. ನನ್ನ ನಳಿಗಿ ಬಾಯಿ ಸಾಹೇಬ್ರ ಅಂಗಿಗೆ ಕೂಡತೈತಿಲ್ಲೊ, ಒಂದ್ಸಲ ನೋಡ್ರಿ.”

“ಯಾಕೋ?”

“ಯಮನೂರಪ್ಪಣ್ಣ ಹೇಳಿಕೊಟ್ಟಿದ್ದ. ಸಾಹೇಬ್ರು ವರ್ಷಕ್ಕ ಎರಡು ಮೂರು ಸಲ ತಲಿ ತಿರುಗಿ ಕುಂಡರತಾರಂತ. ಆವಾಗ ತಡಾ ಮಾಡಬಾರದು, ನಮ್ಮ ಅಂಗಿ ಕಳದು ನಳಿಗಿ ಕೂಡಿಸಿ ನೀರು ಕೊಡಬೇಕು ಅಂದಿದ್ದ. ಮನಶಾನ ಬಿಟ್ಟು ಬರಾಕ ಆಕ್ಕೈತೇನ್ರಿ?”

“ಇದನ್ನ ವಿಚಾರಣ್ಯಾಗ ಹೇಳಿದ್ಯಾ?”

“ನಾ ಬ್ಯಾರೆ ತಂಡದಾಗ ಇದ್ನೆಲ್ರಿ. ನನ್ನ ಯಾರ ಕೇಳತಾರ?”

ಹುಲಿಗೆಮ್ಮ ಎರಡೂ ನಳಿಗೆಯ ಬಾಯಿಗಳನ್ನು ಕೈಗೆ ತೆಗೆದುಕೊಂಡಳು. ಕೂಡಿಸಿದಳು. ಚಟಕ್ಕೆಂದು ಕೂತವು, ಹೇಳಿ ಮಾಡಿಸಿದಂತೆ.

ಬಯಲಲ್ಲಿ ಸಾಹೇಬರು ಬೀಳುತ್ತಾರೆ, ಅದು ಅವಳು ಮಾಡಿಟ್ಟ ಕೆಲಸ. ಆದರೆ ಬಿದ್ದವರ ಪಕ್ಕದಲ್ಲಿ ಇವನಿರುತ್ತಾನೆ. ಕೇಳಿದರೆ ಚಟ್ನಿ ಕೊಡುವವನು, ಕೇಳದಿದ್ದರೂ ನೀರು ಕೊಡುತ್ತಾನೆ. ಕುಡಿದ ಅಂಗಿ ಮತ್ತೆ ಎದ್ದು ಗಾಡಿ ಹತ್ತುತ್ತದೆ. ಬಂಡೆಯ ಮೇಲೆ ಉಳಿಯುವುದು ಇವನು. ಸೋಮವ್ವ ಅಷ್ಟು ಹೊತ್ತಿಗೆ ಪೆಟ್ಟಿಗೆಯ ಮೂಲೆಯಲ್ಲಿ ಬುತ್ತಿ ತುರುಕಿ, ಮೇಲೆ ಒಂದು ಕಂಬಳಿ ಮುಚ್ಚಿ, ಬಹಳ ಜಾಣತನ ಮಾಡಿದವಳಂತೆ ಗಂಡನ ಕಡೆ ನೋಡುತ್ತಿದ್ದಳು.

“ಕೂಡತಾವ?” ಎಂದ ಮೌನೇಶ.

“ಕೂಡತಾವ,” ಎಂದಳು ಹುಲಿಗೆಮ್ಮ. “ನೀವು ಹೋಗ್ರಿ. ನಾ ಸ್ವಲ್ಪ ಕೆಲಸ ಮಾಡಬೇಕು.”

ಅವರು ಹೋದ ಮೇಲೆ ಅವಳು ಸಾಹೇಬರ ಅಂಗಿ ಎತ್ತಿಕೊಂಡು ಮಣಿಯನ್ನು ಕಳಚಿದಳು. ಅಳಿಸುವ ಯಂತ್ರದಲ್ಲಿಟ್ಟು, ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ವರ್ಷವಿಡೀ ಕಾದ ಸಿಟ್ಟು ಆ ಹುಣಸೆಬೀಜದೊಳಗೆ ಅಷ್ಟು ಚೊಕ್ಕವಾಗಿ ಕೂತಿತ್ತು. ಕೊನೆಗೆ ಒತ್ತಿದಳು. ಮಣಿ ಬೂದಿಬಣ್ಣಕ್ಕೆ ತಿರುಗಿತು. ಅದಕ್ಕೀಗ ಯಾರ ಮೈಯೂ ಗೊತ್ತಿಲ್ಲ.

ಬಿಟ್ಟುಬಿಟ್ಟಳು ಎಂದು ತಿಳಿಯಬೇಡಿ. ಆ ಎರಡು ದಿನದಲ್ಲಿ ಅವಳು ಉಳಿದವರೆಲ್ಲರ ಮಣಿಗಳನ್ನು ಎರಡೆರಡು ಸಲ ಪರೀಕ್ಷಿಸಿ ಹಸಿರು ಮಾಡಿಟ್ಟಳು. ಸಾಹೇಬರದನ್ನು ಮಾತ್ರ ಹಾಗೇ ಬೂದಿಯಾಗಿಯೇ ಅಂಗಿಗೆ ಕೂರಿಸಿ, ಇಸ್ತ್ರಿ ಮಾಡಿದಷ್ಟು ನೀಟಾಗಿ ಮಡಚಿ, ಎಲ್ಲಕ್ಕಿಂತ ಮೇಲಿಟ್ಟಳು.

ಹೊರಡುವ ಬೆಳಿಗ್ಗೆ ಠಾಣೆಯ ಅಂಗಳದಲ್ಲಿ ಮೂರು ಲಾರಿ, ಎರಡು ಜೀಪು, ಮೂವತ್ತು ಜನ. ನಿರ್ದೇಶಕಿ ಅತ್ತಾರ ಮೇಡಂ ನಗರದಿಂದ ಬಂದು ಕುರ್ಚಿಯಲ್ಲಿ ಕೂತಿದ್ದರು. ಮುಖ್ಯಸ್ಥರು ಎಲ್ಲರೆದುರು ಮೊದಲು ಅಂಗಿ ತೊಡಬೇಕು, ಅವರ ಮಣಿ ಹಸಿರಾದ ಮೇಲೆ ಉಳಿದವರು ತೊಟ್ಟು ಗಾಡಿ ಹತ್ತಬೇಕು. ಇದು ಠಾಣೆಯ ಸಂಪ್ರದಾಯ. ನಾಡಗೌಡ ಸಾಹೇಬರು ನಗುತ್ತ ತೋಳು ಚಾಚಿದರು. ಹುಲಿಗೆಮ್ಮ ಅಂಗಿ ತೊಡಿಸಿ, ಹಿಂದಿನ ಕೊಂಡಿ ಹಾಕಿದಳು. ಮಣಿ ಕೆಂಪಾಗಿ ಉರಿದು ಕೀಂ ಎಂದಿತು.

“ಏನಿದು?”

“ಮಣಿ ಖಾಲಿ ಐತ್ರಿ ಸರ್. ಏನೂ ಕಲತಿಲ್ಲ.”

ಸಾಹೇಬರು ಬಾಗಿ ಹಲ್ಲು ಕಚ್ಚಿ ಪಿಸುಗುಟ್ಟಿದರು. “ಯಾರನ್ನಾದ್ರೂ ಕೂಡಿಸಂದಿದ್ದೆನಲ್ಲ!”

ಹುಲಿಗೆಮ್ಮ ಪಿಸುಗುಟ್ಟಲಿಲ್ಲ. “ನಿಮ್ಮ ಮಣಿಗೆ ನಿಮ್ಮ ಬದಲಿ ಬ್ಯಾರೆಯವರು ಹೆಂಗ ಕೂಡಬೇಕ್ರಿ ಸರ್?” ಎಂದಳು, ಕಡೆಯ ಲಾರಿಯ ಕ್ಲೀನರಿಗೂ ಕೇಳುವಂತೆ.

ಅತ್ತಾರ ಮೇಡಂ ಕನ್ನಡಕ ಸರಿಮಾಡಿಕೊಂಡರು. “ಅದಕ್ಕೇನು, ಒಂದು ಗಂಟೆ ತಡವಾದರೆ ಆಗಲಿ. ಕೂತು ಬನ್ನಿ ನಾಡಗೌಡರೇ. ನಾವು ಚಹಾ ಕುಡಿಯುತ್ತಿರುತ್ತೇವೆ.”

“ಮೇಡಂ, ಹೊತ್ತೇರಿತು, ದಾರಿ ದೂರ…”

“ಮಣಿ ಇಲ್ಲದೆ ನಿಮ್ಮನ್ನು ಕಳಿಸಿ ನಾನೇನು ಉತ್ತರ ಹೇಳಲಿ? ಹೋದ ವರ್ಷ ಒಂದು ಸಾವಾಗಿದೆ.”

ಸಾಹೇಬರು ಬಿಸಿಕೋಣೆಯ ಕಡೆ ನಡೆದರು. ಬೂಟಿನ ಸದ್ದು ಎಂದಿಗಿಂತ ಜೋರಾಗಿತ್ತು.

ಹತೋಟಿ ಕೋಣೆಯಲ್ಲಿ ಹುಲಿಗೆಮ್ಮ ಒಬ್ಬಳೇ. ಅವಳ ಮುಂದೆ ಗಾಜು, ಗಾಜಿನಾಚೆ ಹಲಗೆಯ ಮೇಲೆ ಅವರು. ಎದುರು ಗೋಡೆಯ ಇನ್ನೊಂದು ಗಾಜಿನಲ್ಲಿ ತಂಡದವರ ಮುಖಗಳು ಒಂದರ ಮೇಲೊಂದು, ಕೈಯಲ್ಲಿ ಚಹಾದ ಲೋಟ. ಗುಂಡಿ ತಿರುಗಿಸಿದಳು. ನಲವತ್ತು. ನಲವತ್ತಮೂರು. ನಲವತ್ತಾರು.

ನಾಲ್ಕನೆಯ ನಿಮಿಷಕ್ಕೆ ಸಾಹೇಬರ ಹಣೆಯಲ್ಲಿ ಬೆವರು ಮುತ್ತುಗಟ್ಟಿತು. ಏಳಕ್ಕೆ ಕಾಲರ್ ಬಿಚ್ಚಿದರು. ಹುಲಿಗೆಮ್ಮ ಮಾತಿನ ಗುಂಡಿ ಒತ್ತಿದಳು. ಅವಳ ದನಿ ಒಳಗೆ ಅವರೊಬ್ಬರಿಗೇ ಕೇಳಿಸುತ್ತಿತ್ತು.

“ಹೆಂಗೈತ್ರಿ ಸರ್?”

“ಸ್ವಲ್ಪ ಕಡಿಮಿ ಮಾಡು.”

“ನಲವತ್ತಾರು ನಿಯಮ ಐತ್ರಿ. ಅಂವ ಸತ್ತ ದಿನ ಬಯಲಾಗ ಐವತ್ತೊಂದು ಇತ್ತು. ನಿಮ್ಮ ವರದ್ಯಾಗೇ ಐತಿ.”

ಅವರು ಗಾಜಿನ ಕಡೆ ತಿರುಗಿದರು. ಬೆಳಕಿನ ಹೊಳಪಿಗೆ ಅವಳ ಮುಖ ಕಾಣುತ್ತಿರಲಿಲ್ಲ.

“ನಿಮ್ಮ ನೀರು ಹಳದಿ, ನನ್ನ ಗಂಡಂದು ನೇರಳಿ,” ಎಂದಳು. “ಆ ದಿನ ನಿಮ್ಮ ಅಂಗ್ಯಾಗಿಂದ ಕಂದು ನೀರು ಬಿತ್ತು. ನಾನೇ ಹಿಂಡೀನಿ. ಈ ಕೈಲೆ. ಅಂವ ನಿಮಗ ಕೊಡಬೇಕಾದ್ರ ಏನಂದ ಸರ್? ಏನರ ಅಂದಿರಬೇಕಲ್ಲ. ಅಂವ ಸುಮ್ನ ಇರಾಂವ ಅಲ್ಲ.”

“ಬಾಗಿಲು ತಗಿ.”

“ಬಾಗಿಲಿಗೆ ಚಿಲಕ ಇಲ್ರಿ. ನೂಕಿದ್ರ ತಗಿತೈತಿ. ಏಳ್ರಿ, ಬರ್ರಿ ಹೊರಗ.”

ಅವರು ಏಳಲಿಲ್ಲ. ಎದುರು ಗಾಜಿನಲ್ಲಿ ಮೂವತ್ತು ಮುಖ. ನಲವತ್ತು ನಿಮಿಷಕ್ಕೆ ಮುಂಚೆ ಆ ಬಾಗಿಲು ನೂಕಿದರೆ ಏಳು ವರ್ಷದ ಮುಂದಾಳುತನ ಅಲ್ಲಿಗೆ ಮುಗಿಯಿತು. ಹುಲಿಗೆಮ್ಮನ ಬೆರಳು ತಿರುಗುಗುಂಡಿಯ ಮೇಲೆಯೇ ಇತ್ತು. ಇನ್ನು ಐದು ಗೆರೆ ತಿರುಗಿಸಿದರೆ ಐವತ್ತೊಂದು. ಅವಳಿಗೆ ಆ ಐದು ಗೆರೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಬಹಳ ಬೇಕಾಗಿತ್ತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡು ಕೂತಳು.

ಹದಿಮೂರನೆಯ ನಿಮಿಷಕ್ಕೆ ಮಣಿ ಕೆಂಪಾಯಿತು. ಹೊರಗಿನ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬಂತು: ನಾಡಗೌಡ, ಹದಿಮೂರು ನಿಮಿಷ, ಬಯಲಿಗೆ ಅನರ್ಹ.

ಸಾಹೇಬರು ಬಾಗಿಲು ನೂಕಿಕೊಂಡು ಬಂದು ಅಂಗಳದ ನೆಲದಲ್ಲೇ ಕುಸಿದು ಕೂತರು. ಯಾರೋ ಗಾಳಿ ಹಾಕಿದರು. ಅತ್ತಾರ ಮೇಡಂ ಫಲಕವನ್ನೇ ನೋಡುತ್ತಿದ್ದರು.

“ಏಳು ವರ್ಷ ‘ಅತ್ಯುತ್ತಮ’ ಎಂದು ಬಂದಿದೆ, ನಾನೇ ಸಹಿ ಹಾಕಿದ್ದೇನೆ,” ಎಂದರು ನಿಧಾನವಾಗಿ. “ಹಾಗಾದರೆ ಆ ಮಣಿಯೊಳಗೆ ಇಷ್ಟು ವರ್ಷ ಯಾರಿದ್ದರು?”

ಮೌನೇಶ ಚಹಾದ ಲೋಟ ಕೆಳಗಿಟ್ಟ. “ಯಮನೂರಪ್ಪಣ್ಣ ಕುಂಡರತಿದ್ದನ್ರಿ ಮೇಡಂ.” ಬೆನ್ನಿಗೇ ಒಬ್ಬ ಡ್ರೈವರು, “ಹೌದ್ರಿ, ನಾನೂ ನೋಡೀನಿ,” ಎಂದ. “ಸಾಹೇಬ್ರು ಬಿದ್ದಾಗ ನೀರು ಕೊಡತಿದ್ದಾಂವನೂ ಅಂವನೇ,” ಎಂದ ಮೌನೇಶ ಮತ್ತೆ.

ಸಾಹೇಬರು ಬಾಯಿ ತೆರೆದು ಕೈಸನ್ನೆ ಮಾಡಿದರು. ನೀರು. ಹುಲಿಗೆಮ್ಮ ತಂಬಿಗೆ ಹಿಡಿದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವರು ಕೈ ಚಾಚಿದಾಗ ತಂಬಿಗೆಯನ್ನು ತನ್ನ ಎದೆಗೆ ಹಿಡಿದುಕೊಂಡಳು.

“ನನ್ನ ಹೊಲಿಗಿ ಸೋರಿತ್ತೇನ್ರಿ ಸರ್?”

“ನೀರು…”

“ಕೊಡತೀನ್ರಿ. ನಮ್ಮ ಮನ್ಯಾಗ ಇಲ್ಲ ಅನ್ನಾಂಗಿಲ್ಲ, ನಿಮಗ ಗೊತ್ತೈತಿ. ಮೊದಲ ಹೇಳ್ರಿ. ಸೋರಿತ್ತೇನು?”

ಅವರು ಸುತ್ತ ನೋಡಿದರು. ಒಬ್ಬನೂ ಮುಂದೆ ಬರಲಿಲ್ಲ. ಅತ್ತಾರ ಮೇಡಂ ಕೂಡ ಕುರ್ಚಿಯಿಂದ ಎದ್ದು ನಿಂತಿದ್ದರೇ ಹೊರತು ತಡೆಯಲಿಲ್ಲ.

“ಇಲ್ಲ,” ಎಂದರು ಸಾಹೇಬರು, ಒಣಗಿದ ಗಂಟಲಲ್ಲಿ. “ಸೋರಿರಲಿಲ್ಲ. ಅಂವನೇ ನನಗ ನೀರು ಕೊಟ್ಟ.”

ಹುಲಿಗೆಮ್ಮ ತಂಬಿಗೆಯನ್ನು ಅವರ ಕೈಗಿಟ್ಟಳು. ಅವರು ಗಟಗಟ ಕುಡಿದು ಮುಗಿಸುವವರೆಗೂ ಕಣ್ಣು ಕೀಳದೆ ನೋಡಿದಳು. ಆಮೇಲೆ ಖಾಲಿ ತಂಬಿಗೆ ಇಸಿದುಕೊಂಡು ಎದ್ದಳು.

ಅತ್ತಾರ ಮೇಡಂ ಹೋದ ವರ್ಷದ ಕಡತ ತರಿಸಿ, ಜೀಪಿನ ಬಾನೆಟ್ಟಿನ ಮೇಲೆಯೇ ಅದನ್ನು ಮತ್ತೆ ತೆರೆದು, ಮೌನೇಶನ ಹೇಳಿಕೆ ಬರೆಸಿಕೊಳ್ಳತೊಡಗಿದರು. ತಂಡವನ್ನು ನಡೆಸಲು ಇನ್ನೊಬ್ಬರನ್ನು ನೇಮಿಸಿಯೂ ಆಯಿತು. ಹುಲಿಗೆಮ್ಮ ಸ್ಟೋರಿನ ಗೋಡೆಯ ನೆರಳಿಗೆ ಬಂದು ಮನೆಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ, ಒಂದು ಮಾತು ಬಿಡದೆ, ಅತ್ತೆಗೆ ಹೇಳಿದಳು.

“ಎಷ್ಟು ಬಿಸಿ ಇಟ್ಟಿದ್ದಿ ಅವಂಗ?” ಎಂದಳು ಬಾಳವ್ವ.

“ನಲವತ್ತಾರು, ಅತ್ತಿ.”

“ಇನ್ನೊಂದು ಐದು ಏರಸಾಕ ಏನಾಗಿತ್ತು ನಿನಗ, ಹುಚ್ಚಿ?” ಎಂದು ಮುದುಕಿ ಬೈದಳು. ಬೈಯುತ್ತಲೇ ಅವಳ ದನಿ ಒಡೆಯಿತು.

ಅಂಗಳದಲ್ಲಿ ಡ್ರೈವರುಗಳು ನಾಡಗೌಡರ ಸಾಮಾನನ್ನು ಜೀಪಿನ ಮೇಲಿಂದ ಇಳಿಸಿ ಸಾಲಾಗಿ ಇಡುತ್ತಿದ್ದರು. ಎಲ್ಲಕ್ಕಿಂತ ಕೊನೆಗೆ ಒಂದು ಮಡಚುವ ಮಂಚ ಇಳಿಯಿತು. ಇಳಿಸಿದವನ ಕೈ ತಾಗಿ ಅದು ತಾನಾಗಿಯೇ ಬಿಚ್ಚಿಕೊಂಡು ನಾಲ್ಕು ಕಾಲೂರಿ ನಿಂತಿತು. ಗೇಟಿನ ಕಡೆಯಿಂದ ಬಂದ ಕಂದು ನಾಯಿಯೊಂದು ಅದನ್ನು ಎರಡು ಸುತ್ತು ಮೂಸಿ, ಮೇಲೆ ಹಾರಿ, ಬೆನ್ನು ಮಡಚಿ ಮಲಗಿತು. ಯಾರೂ ಅದನ್ನು ಎಬ್ಬಿಸಲಿಲ್ಲ.